ಅಜ್ಜಿ ಏನಂದರು?

ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಅಜ್ಜಿಗೆ 96. ದಿನವಿಡೀ ಕಿಟಕಿ ಪಕ್ಕ ಕೂತಿರುತ್ತಾರೆ. ಅಪ್ಪನಿಗೇ 70 ದಾಟಿದೆ, ಅವರೇ ಅಜ್ಜಿಯನ್ನು ಎತ್ತಿ ಕೂರಿಸಬೇಕು. ಎಲ್ಲ ಕಡೆ ಹೀಗೆ ವಯಸ್ಸಾದವರು ಹೆಚ್ಚುತ್ತಾ ಹೋದರೆ ದುಡಿಯುವವರ ಗತಿ ಏನು? ಇಷ್ಟು ವರ್ಷ ಬದುಕಿ ಪ್ರಯೋಜನವಾದರೂ ಏನು?"

ನಿಮ್ಮ ಕಷ್ಟ ನಿಜ. ಔಷಧಿ ಖರ್ಚು, ನಿದ್ದೆಗೆಟ್ಟ ರಾತ್ರಿಗಳು, ರಜೆಯೇ ಇಲ್ಲದ ಸೇವೆ. ಪಿಂಚಣಿಗೆ ದುಡ್ಡು ಹೊಂದಿಸುವವರ ಚಿಂತೆಯೂ ಸುಳ್ಳಲ್ಲ. ಆದರೆ 'ಪ್ರಯೋಜನ' ಅನ್ನುವ ನಿಮ್ಮ ಮಾತು ಎರಡು ದಿನದಿಂದ ನನ್ನನ್ನು ಬಿಟ್ಟಿಲ್ಲ.

ಸಂಖ್ಯೆ ಏರುತ್ತಿರುವುದು ಹೌದು. ಜಪಾನ್ 1963ರಲ್ಲಿ ನೂರು ದಾಟಿದವರನ್ನು ಎಣಿಸಿದಾಗ ಸಿಕ್ಕಿದ್ದು 153 ಜನ. 2025ರಲ್ಲಿ 99,763. ನೂರು ತುಂಬಿದವರಿಗೆ ಅಲ್ಲಿನ ಸರ್ಕಾರ ಬೆಳ್ಳಿ ಬಟ್ಟಲು ಕೊಡುತ್ತಿತ್ತು. ಜನ ಜಾಸ್ತಿಯಾದರು, ಈಗ ಬೆಳ್ಳಿಯ ಲೇಪನ ಮಾತ್ರ. 2030ರ ದಶಕದ ನಡುವಿನ ಹೊತ್ತಿಗೆ ಜಗತ್ತಿನಲ್ಲಿ ವರ್ಷ ತುಂಬದ ಕೂಸುಗಳಿಗಿಂತ 80 ದಾಟಿದವರೇ ಹೆಚ್ಚಿರುತ್ತಾರೆ ಎಂದು ವಿಶ್ವಸಂಸ್ಥೆ ಅಂದಾಜು ಮಾಡಿದೆ. ಶುದ್ಧ ನೀರು, ಲಸಿಕೆ, ಆ್ಯಂಟಿಬಯಾಟಿಕ್, ಬಿಪಿ ಮಾತ್ರೆ ಎಲ್ಲ ಸೇರಿ ಕೊಟ್ಟ ಆಯಸ್ಸು ಇದು. ಎಷ್ಟೋ ಜನರ ದುಡಿಮೆ ಇದರ ಹಿಂದಿದೆ. ಅದನ್ನೇ ಈಗ ಹೊರೆ ಅನ್ನುತ್ತಿದ್ದೇವೆ.

ನನ್ನ ತಕರಾರು ಇಷ್ಟು. ಇವರನ್ನು ಎಲ್ಲರೂ ಎಣಿಸುತ್ತಾರೆ, ಮಾತಾಡಿಸುವವರು ಕಡಿಮೆ. 2010ರಲ್ಲಿ ಟೋಕಿಯೊದಲ್ಲಿ ಹೀಗಾಯಿತು. ದಾಖಲೆಯಲ್ಲಿ 111 ವರ್ಷ ಎಂದಿದ್ದ ವ್ಯಕ್ತಿಯ ಮನೆಯೊಳಗೆ ಪೊಲೀಸರು ಹೋದರು. ಹಾಸಿಗೆಯಲ್ಲಿದ್ದದ್ದು ಒಣಗಿದ ದೇಹ. ಅವರು ಸತ್ತು ಸುಮಾರು 30 ವರ್ಷವಾಗಿತ್ತು. ಪಿಂಚಣಿ ಮಾತ್ರ ಬರುತ್ತಲೇ ಇತ್ತು. ಆಮೇಲೆ ದೇಶದ ಕುಟುಂಬ ದಾಖಲೆಗಳನ್ನೆಲ್ಲ ತೆಗೆದು ನೋಡಿದರೆ, ನೂರು ದಾಟಿದ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಹೆಸರುಗಳವರು ಎಲ್ಲಿದ್ದಾರೆಂದೇ ತಿಳಿಯಲಿಲ್ಲ. ಮೂವತ್ತು ವರ್ಷ ಆ ಮನುಷ್ಯನ ದನಿ ಕೇಳಬೇಕು ಅಂತ ಒಬ್ಬರಿಗೂ ಅನಿಸಲಿಲ್ಲ, ಅಲ್ವಾ?

ಫ್ರಾನ್ಸಿನ ಜಾನ್ ಕಾಲ್ಮಾಂ ಎಂಬ ಮಹಿಳೆ 1997ರಲ್ಲಿ ತೀರಿಕೊಂಡಾಗ ಅವರಿಗೆ 122. ಅತಿ ಹೆಚ್ಚು ಕಾಲ ಬದುಕಿದವರ ದಾಖಲೆ ಈಗಲೂ ಅವರ ಹೆಸರಲ್ಲೇ ಇದೆ. 90ನೇ ವಯಸ್ಸಿನಲ್ಲಿ ಅವರು ತಮ್ಮ ಮನೆಯನ್ನು ಒಬ್ಬ ವಕೀಲರಿಗೆ ಬರೆದುಕೊಟ್ಟಿದ್ದರು. ಆಕೆ ಇರುವವರೆಗೆ ವಕೀಲರು ತಿಂಗಳಿಗೆ 2,500 ಫ್ರಾಂಕ್ ಕೊಡಬೇಕು, ಆಮೇಲೆ ಮನೆ ಅವರದು. ವಕೀಲರಿಗೆ ಆಗ 47. ಅವರು 77ಕ್ಕೆ ಹೋದರು, ಆಕೆ ಇನ್ನೂ ಇದ್ದರು. ಉಳಿದ ಕಂತನ್ನು ವಕೀಲರ ಹೆಂಡತಿ ಕಟ್ಟಿದರು. ಜನ ಈ ಕತೆ ಹೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಒಬ್ಬರ ಸಾವಿಗೆ ಕಾಯುತ್ತಾ ಇನ್ನೊಬ್ಬರು ಮೂವತ್ತು ವರ್ಷ ಕಳೆದ ಕತೆ ಅದು.

ನನ್ನ ತಾಯಿ 91ರವರೆಗೆ ಇದ್ದರು. ಒಮ್ಮೆ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ನನ್ನ ಮುಖ ನೋಡಿ, "ಇವರಿಗೆ ನಿದ್ದೆ ಬರುತ್ತಾ?" ಅಂದರು. ನಾನೂ "ಬರುತ್ತೆ" ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಅಮ್ಮ ಹೇಳಿದರು: "ಮೂರು ತಿಂಗಳಿಂದ ನಿದ್ದೆ ಇಲ್ಲ ಕಣೋ. ನನ್ನನ್ನು ಯಾರು ಕೇಳಿದರು?"

ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಅಂದುಬಿಡುತ್ತೇವೆ. ಮರೆವಿನ ಕಾಯಿಲೆಯ ಬಗ್ಗೆ 2024ರಲ್ಲಿ ಬಂದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗದ ವರದಿ, ನಾವು ಮನಸ್ಸು ಮಾಡಿದರೆ ತಗ್ಗಿಸಬಹುದಾದ 14 ಅಪಾಯಗಳನ್ನು ಹೆಸರಿಸಿದೆ. ಕಿವಿ ಮಂದವಾಗುವುದು, ಜನರ ಒಡನಾಟ ತಪ್ಪುವುದು ಎರಡೂ ಅದರಲ್ಲಿವೆ. ಮಾತಿಲ್ಲದೆ ಕೂತವರು ಮಂಕಾಗುತ್ತಾರೆ. ಮಂಕಾದರು ಅಂತ ನಾವು ಇನ್ನಷ್ಟು ಮಾತು ಬಿಡುತ್ತೇವೆ.

ಹೊರಗಿನ ಜಗತ್ತೂ ಹೀಗೇ ಇದೆ. ಮಾತ್ರೆ ಪಟ್ಟಿಯ ಮೇಲಿನ ಅಕ್ಷರ ಕನ್ನಡಕ ಹಾಕಿದರೂ ಕಾಣದು. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ. ಮನುಷ್ಯರ ದನಿ ಸಿಗುವಷ್ಟರಲ್ಲಿ ಕರೆ ಕಟ್ ಆಗಿರುತ್ತದೆ. ಒಟಿಪಿ ಓದಿ ಮುಗಿಸುವ ಮೊದಲೇ ಅದರ ಹೊತ್ತು ಮುಗಿಯುತ್ತದೆ. ಮೆಟ್ಟಿಲಿಗೆ ಕಂಬಿ ಇಲ್ಲ, ದಾರಿಯಲ್ಲಿ ಕೂರಲು ಬೆಂಚಿಲ್ಲ. ಜಾಸ್ತಿ ಮಾತ್ರೆ ನುಂಗುವವರು ತೀರಾ ವಯಸ್ಸಾದವರು. ಹೊಸ ಔಷಧಿಗಳ ಪರೀಕ್ಷೆಯಲ್ಲಿ ಮಾತ್ರ ಎಷ್ಟೋ ಸಲ ಅವರನ್ನೇ ಹೊರಗಿಡುತ್ತಾರೆ. ಇದನ್ನೆಲ್ಲ ಮಾಡುವವರಾದರೂ ನಾಳೆ ಮುದುಕರಾಗದೆ ಇರುತ್ತಾರಾ?

ಪ್ರಯೋಜನ ಕೇಳಿದಿರಿ. ಸಿಡುಬು ಜಗತ್ತಿನಿಂದ ಹೋಯಿತು ಎಂದು ಘೋಷಿಸಿದ್ದು 1980ರಲ್ಲಿ. ಆಗ ನಿಮ್ಮ ಅಜ್ಜಿಗೆ ಐವತ್ತರ ಆಸುಪಾಸು. ಲಸಿಕೆ ಯಾಕೆ ಅಂತ ಇವತ್ತು ವಾದ ಮಾಡುವವರು ಆ ಕಾಯಿಲೆಯನ್ನು ಕಂಡವರಲ್ಲ. ನಿಮ್ಮ ಅಜ್ಜಿ ಕಂಡಿರಬಹುದು. ಕೇಳಿದ್ದೀರಾ?

ನೀವು ಚೆನ್ನಾಗಿ ಬರೆಯುತ್ತೀರಿ, ಅಜ್ಜಿಯ ಮೇಲೆ ಪ್ರೀತಿಯೂ ಇದೆ, ಅದು ಗೊತ್ತಾಗುತ್ತದೆ. ಆದರೆ ಎರಡು ಪುಟದ ಪತ್ರದಲ್ಲಿ ಅವರು ಆಡಿದ ಒಂದು ಮಾತೂ ಇಲ್ಲ. ಇವತ್ತು ಸಂಜೆ ಆ ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿಕೊಳ್ಳಿ. ಕಿವಿ ಮಂದವಾಗಿದ್ದರೆ ಎದುರಿಗೆ ಕೂತು ನಿಧಾನವಾಗಿ ಮಾತಾಡಿ. ಅವರು ಏನಂದರು ಅಂತ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ