ಪೋಲೊ ಜಿಟಿಗೆ ಮೊದಲು ರೀಮ್ಯಾಪ್ ಮಾಡಿಸಲೋ, ಸ್ಪ್ರಿಂಗ್ ಇಳಿಸಲೋ?

ನಿಮ್ಮ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಗೆ ಯಾವುದು ಮೊದಲು ಅಂತ ಕೇಳಿದ್ದೀರಿ: ಒಂದು ಕಡೆ ಸ್ಟೇಜ್ ಒನ್ ರೀಮ್ಯಾಪ್ (ಬಿಡಿಭಾಗ ಮುಟ್ಟದೆ ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಮಾತ್ರ ಬದಲಿಸಿ ಪವರ್ ಹೆಚ್ಚಿಸುವುದು), ಇನ್ನೊಂದು ಕಡೆ ಕಾರನ್ನು 40 ಮಿ.ಮೀ. ಇಳಿಸುವ ಗಿಡ್ಡ ಸ್ಪ್ರಿಂಗ್. ಈ ಪಟ್ಟಿ ನನ್ನ ಕೈಯಲ್ಲೂ ಇತ್ತು. ಕಾರೂ ಅದೇ: 1.2 ಲೀಟರ್ ಟರ್ಬೊ ಪೆಟ್ರೋಲ್ ಟಿಎಸ್‌ಐ, 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಆಟೊಮ್ಯಾಟಿಕ್ ಡಿಎಸ್‌ಜಿ. ಬಳಕೆಯೂ ನಿಮ್ಮ ಹಾಗೇ, ವಾರವೆಲ್ಲ ಬೆಂಗಳೂರಿನ ರಿಂಗ್ ರೋಡು, ರಜೆ ಸಿಕ್ಕರೆ ಚಾರ್ಮಾಡಿ. ಯಾವುದು ಮೊದಲು ಅಂತ ತಲೆ ಕೆಡಿಸಿಕೊಳ್ಳದೆ ಎರಡನ್ನೂ ಒಂದೇ ತಿಂಗಳಲ್ಲಿ ಮಾಡಿಸಿದೆ. ನೇರ ರಸ್ತೆಯಲ್ಲಿ ಕಾರು ಚುರುಕಾಯಿತು. ಘಾಟಿಯಲ್ಲಿ ಮೊದಲಿಗಿಂತ ನಿಧಾನವಾಯಿತು.

ತಪ್ಪು ರೀಮ್ಯಾಪಿನದ್ದಲ್ಲ. 60 ಸಾವಿರ ಕಿ.ಮೀ. ಓಡಿದ್ದ ಕಂಪನಿ ಶಾಕ್ ಅಬ್ಸಾರ್ಬರ್‌ಗೆ ಗಿಡ್ಡ ಸ್ಪ್ರಿಂಗ್ ಕೂರಿಸಿದ್ದು ತಪ್ಪು. ನೀವೂ ಅದನ್ನೇ ಮಾಡಲು ಹೊರಟಿದ್ದೀರಿ, ಹಾಗಾಗಿ ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಲೆಕ್ಕಕ್ಕೆ ಅನುಕೂಲವಾಗಲಿ ಅಂತ ದುಂಡು ಅಂಕಿ ಹಿಡಿಯೋಣ. ಮುಂದಿನ ಸ್ಪ್ರಿಂಗ್ ಒಂದು ಮಿ.ಮೀ. ಅದುಮಲು 20 ನ್ಯೂಟನ್ ಬೇಕು, ಅಂದರೆ ಹೆಚ್ಚುಕಡಿಮೆ ಎರಡು ಕೆ.ಜಿ. ಭಾರ. ಕಾರು ಸುಮ್ಮನೆ ನಿಂತಿರುವ ಎತ್ತರದಿಂದ ಬಂಪ್ ಸ್ಟಾಪರ್ (ಸ್ಪ್ರಿಂಗ್ ಪೂರ್ತಿ ಅದುಮುವ ಮೊದಲು ತಡೆಯುವ ರಬ್ಬರು ತುಂಡು) ತಾಗುವವರೆಗೆ 70 ಮಿ.ಮೀ. ಜಾಗ ಇದೆ ಅಂದುಕೊಳ್ಳಿ. ಅಷ್ಟರಲ್ಲಿ ಸ್ಪ್ರಿಂಗ್ 1,400 ನ್ಯೂಟನ್ ಹೊಡೆತ ನುಂಗುತ್ತದೆ. ಈಗ 40 ಮಿ.ಮೀ. ಇಳಿಸಿ. ಉಳಿದ ಜಾಗ 30 ಮಿ.ಮೀ. ಹೊಸ ಸ್ಪ್ರಿಂಗ್ ಶೇ 30ರಷ್ಟು ಗಡುಸು ಅಂತಿಟ್ಟುಕೊಂಡರೂ 26 ಗುಣಿಸು 30, ಬರೀ 780 ನ್ಯೂಟನ್. ಮೊದಲು ತಡೆಯುತ್ತಿದ್ದ ಹೊಡೆತದ ಅರ್ಧಕ್ಕೇ ಕಾರು ರಬ್ಬರಿನ ಮೇಲೆ ಕೂತಾಯಿತು. ಆ 30 ಮಿ.ಮೀ.ನಲ್ಲೇ ಹಳೆಯ 1,400 ಬೇಕಿದ್ದರೆ ಸ್ಪ್ರಿಂಗ್ 47ರದ್ದಾಗಬೇಕು. ಅದು ಟ್ರ್ಯಾಕಿಗೆ ಸರಿ, ನಮ್ಮ ರಸ್ತೆಯಲ್ಲಿ ಸೊಂಟ ಮುರಿಯುತ್ತದೆ.

ಬಂಪ್ ಸ್ಟಾಪರ್ ತಾಗಿದರೆ ದಡ್ ಅನ್ನುವ ಸದ್ದು ಬರುತ್ತದೆ ಅಷ್ಟೇ ಅಂತ ತಿಳಿದಿದ್ದೆ. ತಿರುವಿನಲ್ಲಿ ಹಾಗಲ್ಲ. ಹೊರಗಿನ ಮುಂದಿನ ಚಕ್ರದ ಸ್ಪ್ರಿಂಗ್ ಅದುಮಿ ರಬ್ಬರಿಗೆ ತಾಗಿದ ಕ್ಷಣ ಆ ಮೂಲೆ ಹಲವು ಪಟ್ಟು ಗಡುಸಾಗುತ್ತದೆ. ಭಾರವೆಲ್ಲ ಹೊರಗಿನ ಟೈರಿಗೆ ಹೋಗಿ, ಒಳಗಿನದು ಹಗುರಾಗುತ್ತದೆ. ಸ್ಟೀರಿಂಗ್ ತಿರುಗಿದ್ದರೂ ಮೂತಿ ಹೊರಗೇ ಜಾರುತ್ತದೆ. ಆಗ ಆಕ್ಸಿಲರೇಟರ್ ಒತ್ತಿದರೆ ಒಳಗಿನ ಚಕ್ರ ಗಿರಗಿರ ತಿರುಗುತ್ತದೆ, ಟ್ರ್ಯಾಕ್ಷನ್ ಕಂಟ್ರೋಲ್ ಹಳದಿ ದೀಪ ಹೊತ್ತಿಸಿ ಇಂಜಿನ್ನಿನ ಬಾಯಿ ಕಟ್ಟುತ್ತದೆ. ರೀಮ್ಯಾಪಿನಲ್ಲಿ ದುಡ್ಡು ಕೊಟ್ಟು ಕೊಂಡ ಟಾರ್ಕು ಚಕ್ರದವರೆಗೆ ಬರಲೇ ಇಲ್ಲ!

ಇದರ ಮೇಲೆ ಎರಡು ಸಂಗತಿ. ಸ್ಪ್ರಿಂಗ್ ಶೇ 30 ಗಡುಸಾದರೆ ಅದರ ಕುಣಿತ ಹಿಡಿಯಲು ಶಾಕ್ ಅಬ್ಸಾರ್ಬರ್ ಸುಮಾರು ಶೇ 14 ಬಿಗಿಯಾಗಬೇಕು (ವರ್ಗಮೂಲದ ಲೆಕ್ಕ). ಅಷ್ಟು ದೊಡ್ಡ ಹೆಚ್ಚಳವಲ್ಲ. ಆದರೆ ನನ್ನ ಶಾಕ್‌ಗಳು ಹೊಸದರಲ್ಲಿದ್ದ ಬಿಗಿಯನ್ನೇ ಕಳೆದುಕೊಂಡಿದ್ದವು. ಎರಡನೆಯದು, ನಮ್ಮ ಕಾರಿನ ಮುಂಭಾಗ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಒಂದೇ ಕಂಬ. ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳು) ಚಕ್ರದ ಕಡೆಗೆ ಇಳಿಜಾರಾಗಿಯೋ ಸಮತಲವಾಗಿಯೋ ಇರುವವರೆಗೆ ಎಲ್ಲ ಸರಿ. ಕಾರನ್ನು ಇಳಿಸಿ ಅದು ಚಕ್ರದ ಕಡೆಗೆ ಏರುಮುಖವಾದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ವಾಲುವ ಕೇಂದ್ರ) ಕಾರಿನ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ವಾಲಿಸುವ ಸನ್ನೆ ಉದ್ದವಾಗುತ್ತದೆ. ತಗ್ಗಿದ ಕಾರು ವಾಲುವುದು ಕಡಿಮೆ ಅನ್ನುವ ಲಾಭದಲ್ಲಿ ಬಹುಪಾಲು ಅಲ್ಲೇ ಕರಗುತ್ತದೆ. ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಟೈ ರಾಡಿನ ಕೋನವೂ ಬದಲಾಗಿ ಗುಂಡಿ ಬಂದಾಗಲೆಲ್ಲ ಚಕ್ರ ತಾನಾಗೇ ಅಷ್ಟಿಷ್ಟು ತಿರುಗುತ್ತದೆ. ಸ್ಟ್ರಟ್ ಸರಿಪಡಿಸಲು ಹೋಗಿ ಲೋವರ್ ಆರ್ಮ್ ಬುಷ್, ಟೈರಿನ ಒಳ ಅಂಚು ಎಲ್ಲ ತೆತ್ತೆ.

ಹಾಗಾಗಿ ‘ಪವರ್ ಮೊದಲೋ ಸಸ್ಪೆನ್ಷನ್ ಮೊದಲೋ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಳಿಸುವುದು ಸಸ್ಪೆನ್ಷನ್ ಅಪ್‌ಗ್ರೇಡ್ ಅಲ್ಲ, ಅದು ಅಲಂಕಾರ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಪುಸ್ತಕದ ಪ್ರಕಾರ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ನಮ್ಮ ಬೀದಿಯವರು ರಾತ್ರೋರಾತ್ರಿ ಕಟ್ಟುವ ಸಿಮೆಂಟು ದಿಣ್ಣೆಗೆ ಆ ಪುಸ್ತಕ ಗೊತ್ತಿಲ್ಲ. ಇಂಜಿನ್ನಿನ ಕೆಳಗಿನ ಚೇಂಬರ್ ಉಜ್ಜುವ ಕಾರಿಗೆ ಎಷ್ಟು ಪವರ್ ಇದ್ದು ಏನು?

ದುಡ್ಡು ಬಿಚ್ಚುವ ಮೊದಲು ಒಂದು ಕೇಬಲ್ ಟೈ ತನ್ನಿ. ಮುಂದಿನ ಸ್ಟ್ರಟ್‌ನ ಡಸ್ಟ್ ಬೂಟನ್ನು ಮೇಲೆ ಸರಿಸಿ ಕಟ್ಟಿ, ಹೊಳೆಯುವ ರಾಡಿಗೆ ಟೈ ಬಿಗಿದು ಕೆಳಗೆ ಸೀಲ್‌ಗೆ ತಾಗುವ ಹಾಗೆ ಇಳಿಸಿ. ನಿಮ್ಮ ಮಾಮೂಲಿ ದಾರಿಯಲ್ಲಿ, ಮಾಮೂಲಿ ಜನ ಮತ್ತು ಲಗೇಜಿನೊಂದಿಗೆ ಒಂದು ಸುತ್ತು ಓಡಿಸಿ. ಕಾರನ್ನು ನೆಲದ ಮೇಲೇ ಬಿಟ್ಟು ಸೀಲ್‌ನಿಂದ ಟೈವರೆಗೆ ಅಳೆಯಿರಿ: ಅಷ್ಟು ಜಾಗ ನೀವು ಬಳಸುತ್ತಿದ್ದೀರಿ. ಟೈನಿಂದ ಸ್ಟಾಪರ್‌ವರೆಗೆ ಉಳಿದದ್ದೇ ನಿಮ್ಮ ಉಳಿತಾಯ. 15 ಮಿ.ಮೀ. ಉಳಿದಿದ್ದರೆ 40 ಇಳಿಸುವ ಮಾತೇ ಬೇಡ. ಕೆಲಸ ಮುಗಿದ ಮೇಲೆ ಬೂಟನ್ನು ಕೆಳಗಿಳಿಸಲು ಮರೆಯಬೇಡಿ, ಧೂಳು ಹೊಕ್ಕರೆ ಸೀಲ್ ಹೋಗುತ್ತದೆ.

ಮೊದಲ ಖರ್ಚು ಟೈರು. ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ, 2319 ಅಂದರೆ 2019ರ 23ನೇ ವಾರದ್ದು. ಟ್ರೆಡ್ (ಟೈರಿನ ಮೇಲಿನ ತೋಡು) ಇದ್ದರೂ ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ. 15 ಇಂಚಿನ ರಿಮ್ಮಿಗೆ 185/60ರ (185 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅದರ ಶೇ 60) ಬದಲು 195/60 ಹಾಕಿದರೆ ವ್ಯಾಸ 603ರಿಂದ 615 ಮಿ.ಮೀ. ಆಗುತ್ತದೆ. ಸ್ಪೀಡೋಮೀಟರ್ ಶೇ 2 ವ್ಯತ್ಯಾಸ, ನೆಲದಿಂದ 6 ಮಿ.ಮೀ. ಎತ್ತರ ಉಚಿತ.

ಆಮೇಲೆ ನಾಲ್ಕೂ ಶಾಕ್ ಅಬ್ಸಾರ್ಬರ್. ಕಂಪನಿ ಎತ್ತರಕ್ಕೇ ಹೊಂದುವ, ಸ್ವಲ್ಪ ಬಿಗಿಯಾದದ್ದು ಕೊಳ್ಳಿ, ಸ್ಪ್ರಿಂಗ್ ಹಳೆಯದೇ ಇರಲಿ. ನೋಟಕ್ಕಾಗಿ ಇಳಿಸಲೇಬೇಕಿದ್ದರೆ 15–20 ಮಿ.ಮೀ. ಸಾಕು, ಅದಕ್ಕೆ ಹೊಂದುವ ಗಿಡ್ಡ ಶಾಕ್ ಜೊತೆಗೇ. ಮೇಲಿನ ಮೌಂಟ್, ಬೇರಿಂಗ್, ಬಂಪ್ ಸ್ಟಾಪರ್, ಬೂಟ್ ನಾಲ್ಕೂ ಹೊಸದೇ ಹಾಕಿಸಿ, ಬಿಚ್ಚುವ ಕೂಲಿ ಒಂದೇ. ಕೆಲಸ ನಡೆಯುವಾಗ ಪಕ್ಕದಲ್ಲಿ ನಿಲ್ಲಿ. ಈ ಕಾರಿನಲ್ಲಿ ಸ್ಟ್ರಟ್ ಚಕ್ರದ ನಕ್ಕಲ್‌ನ (ಚಕ್ರ ಹಿಡಿದಿಡುವ ಲೋಹದ ತುಂಡು) ಸೀಳಿನೊಳಗೆ ಕೂರುತ್ತದೆ. ಅದನ್ನು ಸ್ಪ್ರೆಡರ್ ಹಾಕಿ ಅಗಲಿಸಬೇಕು, ಉಳಿಯಿಟ್ಟು ಸುತ್ತಿಗೆಯಲ್ಲಿ ಬಡಿಯಬಾರದು. ಮೇಲಿನ ನಟ್‌ಗೆ ಏರ್ ಗನ್ ಹಿಡಿದರೆ ರಾಡ್ ತಿರುಗಿ ಹೊಸ ಸೀಲ್ ಅಲ್ಲೇ ಹಾಳು. ಕೋನ ಅಳೆದು ಬಿಗಿಯುವ ಬೋಲ್ಟು ಒಂದೇ ಬಳಕೆಯದು, ಹೊಸದೇ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ಇಲ್ಲಿ: ಲೋವರ್ ಆರ್ಮ್ ಬುಷ್‌ನ ಬೋಲ್ಟನ್ನು ಲಿಫ್ಟಿನಲ್ಲಿ ಚಕ್ರ ಜೋತಾಡುವಾಗ ಬಿಗಿದುಬಿಡುತ್ತಾರೆ. ಕಾರು ಕೆಳಗಿಳಿದರೆ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿದ್ದ ಮೇಲೇ ಕೊನೆಯ ಬಿಗಿ. ಅಲೈನ್‌ಮೆಂಟ್ ಅವತ್ತೇ ಒಮ್ಮೆ, 500 ಕಿ.ಮೀ. ಓಡಿ ಕೂತ ಮೇಲೆ ಇನ್ನೊಮ್ಮೆ. ಹಿಂದೆ ಟಾರ್ಶನ್ ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ತೊಲೆ), ಅಲ್ಲಿ ಸುಲಭಕ್ಕೆ ತಿರುಗಿಸಿ ಸರಿಪಡಿಸುವಂಥದ್ದು ಏನೂ ಇಲ್ಲ.

ಹಿಂದಕ್ಕೆ ಆ್ಯಂಟಿ ರೋಲ್ ಬಾರ್ (ಕಾರು ವಾಲುವುದನ್ನು ತಡೆಯುವ ಸರಳು) ಹಾಕಿದರೆ ಮೂತಿ ಜಾರುವುದು ಕಡಿಮೆಯಾಗುತ್ತದೆ, ನಿಜ. ಆದರೆ ಮಲೆನಾಡಿನ ಮಳೆಯಲ್ಲಿ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಬಾಲ ಬೀಸುತ್ತದೆ. ನನಗೆ ಬೇಡ ಅನಿಸಿತು.

ಈಗ ಪವರ್. 105ನ್ನು 140 ಮಾಡಿದರೆ ಅದೇ ನೇರ ದಾರಿಯ ಕೊನೆಗೆ ವೇಗ ಸುಮಾರು ಶೇ 10 ಮಾತ್ರ ಹೆಚ್ಚುತ್ತದೆ. ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ಶೇ 21 ಹೆಚ್ಚು, ಅದೇ ತಿರುವನ್ನು ಆ ವೇಗದಲ್ಲಿ ದಾಟಲು ಟೈರು ಕೊಡಬೇಕಾದ ಹಿಡಿತವೂ ಶೇ 21 ಹೆಚ್ಚು. ಹಿಂದೆ ಡ್ರಮ್ ಇರುವ ಕಾರಿನಲ್ಲಿ ಇದರ ಹೊರೆಯೆಲ್ಲ ಮುಂದಿನ ಡಿಸ್ಕಿಗೆ. ಡಾಟ್ 4 ಬ್ರೇಕ್ ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155. ಎರಡು ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ಹೆಚ್ಚು ಖರ್ಚಿಲ್ಲ. ಘಾಟಿ ಇಳಿಯುವಾಗ ಪೆಡಲ್ ಸ್ಪಂಜಿನ ಹಾಗಾದರೆ ದೊಡ್ಡ ಡಿಸ್ಕ್ ಹುಡುಕುವ ಮೊದಲು ಇದನ್ನು ಬದಲಿಸಿ.

ರೀಮ್ಯಾಪ್ ಕೊನೆಗೆ, ಸ್ಟೇಜ್ ಒನ್ ಸಾಕು. ಆ ಒಣ ಕ್ಲಚ್ಚಿನ ಡಿಎಸ್‌ಜಿ 250 ನ್ಯೂಟನ್ ಮೀಟರಿಗೆ ಮಾಡಿದ್ದು. 220ರ ಸುತ್ತ ನಿಂತರೆ ಉಸಿರಾಡಲು ಜಾಗ ಇರುತ್ತದೆ, ಇನ್ನೂ ಹೆಚ್ಚು ಪವರಿನ ಸ್ಟೇಜ್ ಟು ಅಂತ ಹೋದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಲಚ್ಚು ಕಾದು ನಡುಗಲು ಶುರು. ಮಾಡಿಸುವ ಮುಂಚೆ ಸ್ಪಾರ್ಕ್ ಪ್ಲಗ್ ಹೊಸದಾಗಿರಲಿ. ಡೈರೆಕ್ಟ್ ಇಂಜೆಕ್ಷನ್ ಆದ್ದರಿಂದ ಇನ್‌ಟೇಕ್ ವಾಲ್ವ್ ಮೇಲೆ ಇಂಗಾಲ ಕಟ್ಟಿರುತ್ತದೆ, ಅದನ್ನೂ ನೋಡಿಸಿ. ಮಾಡಿಸಿದ ಮೇಲೆ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಇಂಜಿನ್ ಕಂಪ್ಯೂಟರಿನ ದಾಖಲೆ (ಲಾಗ್) ತೆಗೆಸಿ. ನಾಲ್ಕೂ ಸಿಲಿಂಡರ್ ಒಟ್ಟಿಗೆ ಇಗ್ನಿಷನ್ ಹಿಂದಕ್ಕೆ ಎಳೆಯುತ್ತಿದ್ದರೆ (ಕಿಡಿ ಹಾರುವುದನ್ನು ತಡ ಮಾಡುತ್ತಿದ್ದರೆ) ನಿಮ್ಮ ಪೆಟ್ರೋಲಿಗೆ ಆ ಮ್ಯಾಪ್ ಹೆಚ್ಚಾಯಿತು ಅಂತ ಅರ್ಥ, ಕಡಿಮೆ ಮಾಡಿಸಿ. ಆಕ್ಸಿಲರೇಟರ್ ಜೋರಾಗಿ ಒತ್ತುವಾಗ ಮುಂದಿನ ಚಕ್ರ ಕುಪ್ಪಳಿಸಿದರೆ ಶಾಕ್ ಬೈಯುವ ಮೊದಲು ಇಂಜಿನ್ನಿನ ಕೆಳಗಿನ ಮೌಂಟ್ ಹರಿದಿದೆಯಾ ನೋಡಿ.

ಕಾಗದದ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಾರನ್ನು ತಯಾರಕರ ವಿವರಕ್ಕೆ ವಿರುದ್ಧವಾಗಿ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಮಾಡಿಸಿದ್ದನ್ನು ವಿಮೆಯವರಿಗೆ ತಿಳಿಸದಿದ್ದರೆ ಕ್ಲೇಮ್ ಹೊತ್ತಿಗೆ ಜಗಳ ಖಚಿತ.

ಇನ್ನು ನೀವು ಕೊನೆಯಲ್ಲಿ ಕೇಳಿದ 17 ಇಂಚಿನ ಅಲಾಯ್ ಚಕ್ರ. 205/40 ಟೈರಿನ ಪಕ್ಕೆ 82 ಮಿ.ಮೀ., ಈಗಿನ 185/60ರದ್ದು 111. ಗುಂಡಿಗೂ ರಿಮ್ಮಿಗೂ ನಡುವೆ ಇರುವ ರಬ್ಬರಿನಲ್ಲಿ ಕಾಲುಭಾಗ ಹೋಯಿತು. ಆ ದುಡ್ಡಿಗೆ ಶಾಕ್ ಅಬ್ಸಾರ್ಬರ್ ಕೊಳ್ಳಿ.