ಒಂದು ಮದುವೆಯ ಜಾಡು ಹಿಡಿದು ನಡೆಯಿರಿ

ಪ್ರಶ್ನೆ: ಮೈಸೂರಿನ ದೊಡ್ಡ ಅರಮನೆ ನೋಡಿಯಾಗಿದೆ. ಈ ಸಲ ಹಳೆಯ ಬಂಗಲೆಗಳು, ಚಿತ್ರಶಾಲೆ ಎಲ್ಲ ನಡೆದೇ ನೋಡೋಣ ಅಂತ ಆಸೆ. ಜೊತೆಗೆ ಮಂಡಿ ನೋವಿರುವ ಅಮ್ಮ, ಹತ್ತು ವರ್ಷದ ಮಗ. ಒಂದೇ ದಿನ ಸಾಕಾ?
– ಓದುಗರೊಬ್ಬರು, ತುಮಕೂರು

ಎಲ್ಲ ನೋಡ್ತೀನಿ ಅಂದರೆ ಸಾಲದು. ಎರಡೇ ನೋಡ್ತೀನಿ ಅಂದರೆ ಧಾರಾಳ ಸಾಕು. ನಾನು ಡ್ರಾಯಿಂಗ್ ಟೀಚರ್ ಆಗಿದ್ದಾಗ ಒಮ್ಮೆ ಮಕ್ಕಳನ್ನು ಒಂದೇ ದಿನ ನಾಲ್ಕು ಕಟ್ಟಡ ಸುತ್ತಿಸಿದ್ದೆ. ಕೊನೆಯದರ ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೂತುಬಿಟ್ಟ. "ಮಿಸ್, ಇನ್ನೂ ಎಷ್ಟು ಅರಮನೆ ಇದೆ?" ಅಂದ. ಆಮೇಲೆ ನಾನು ಆ ತಪ್ಪು ಮಾಡಿಲ್ಲ.

ಬೆಳಿಗ್ಗೆ ಜಗನ್ಮೋಹನ ಅರಮನೆಯಿಂದ ಹೊರಡಿ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಂಭ್ರಮದ ನಡುವೆ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ರಾಜಮನೆತನ ಈ ಜಗನ್ಮೋಹನಕ್ಕೆ ಬಂದು ಉಳಿಯಿತು. ಈಗ ನಾವೆಲ್ಲ ನೋಡುವ ಅರಮನೆ ಮುಗಿದದ್ದು 1912ರಲ್ಲಿ. ಅಷ್ಟರೊಳಗೆ, 1902ರಲ್ಲಿ, ನಾಲ್ವಡಿಯವರು ಅಧಿಕಾರ ವಹಿಸಿಕೊಂಡಿದ್ದೂ ಇಲ್ಲಿಯೇ. ಚಿತ್ರಶಾಲೆ ಆಗಿದ್ದು 1915ರಲ್ಲಿ. ಚಿತ್ರಗಳ ಗುಂಗಿನಲ್ಲಿ ಗೋಡೆ ಮರೆಯಬೇಡಿ. ದಸರಾ ಮೆರವಣಿಗೆಯನ್ನು ಗೋಡೆಯ ಮೇಲೇ ಬರೆದಿದ್ದಾರೆ. ನಿಮ್ಮ ಅಮ್ಮನಿಗೆ ಅದೇ ಜಾಸ್ತಿ ಹಿಡಿಸಬಹುದು.

ಇಲ್ಲಿಂದ ಪಡುವಣಕ್ಕೆ, ಕೃಷ್ಣರಾಜ ಬುಲೆವಾರ್ಡ್ ಕಡೆ ನಡೆಯಿರಿ. ದಾರಿಯಲ್ಲಿ ಓರಿಯಂಟಲ್ ಲೈಬ್ರರಿ ಕಟ್ಟಡ ಸಿಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಇಲ್ಲಿದ್ದ ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಗಿದ್ದು ಇಲ್ಲಿಂದಲೇ. ಹೊರಗಿನಿಂದ ನೋಡಿದರೂ ಸಾಕು. ಅಮ್ಮನನ್ನು ಇಲ್ಲಿಂದ ಆಟೋ ಹತ್ತಿಸಿ, ನೀವು ಮಗನ ಜೊತೆ ಕುಕ್ಕರಹಳ್ಳಿ ಕೆರೆ ದಾಟಿ ಮಾನಸಗಂಗೋತ್ರಿಗೆ ನಡೆದುಬನ್ನಿ.

ಅಲ್ಲಿ ದಿಬ್ಬದ ಮೇಲಿರುವುದು ಜಯಲಕ್ಷ್ಮಿ ವಿಲಾಸ. ಹೌದು, ಅದೇ ಜಯಲಕ್ಷ್ಮಮ್ಮಣ್ಣಿ! ಯಾರ ಮದುವೆಯಲ್ಲಿ ಅರಮನೆ ಸುಟ್ಟಿತೋ ಅವರಿಗಾಗಿ 1905ರಲ್ಲಿ ಎದ್ದ ಮನೆ. ಆಮೇಲೆ ವಿಶ್ವವಿದ್ಯಾಲಯದ ಪಾಲಾಯಿತು, ಜಾನಪದ ವಸ್ತುಸಂಗ್ರಹಾಲಯ ಅಲ್ಲಿಗೆ ಬಂತು. ಒಳಗೆ ಯಾವ ಭಾಗಕ್ಕೆ ಬಿಡುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಬಾಗಿಲು ಮುಚ್ಚಿದ್ದರೂ ಕಂಬಗಳನ್ನು ನೋಡುತ್ತಾ ಒಂದು ಸುತ್ತು ಹಾಕಿ.

ಉಳಿದಿಬ್ಬರು ರಾಜಕುಮಾರಿಯರ ಬಂಗಲೆಗಳನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಚೆಲುವಾಂಬಾ ಮ್ಯಾನ್ಷನ್‌ನಲ್ಲಿ ಸಿಎಫ್‌ಟಿಆರ್‌ಐ ಇದೆ. ಕಾರಂಜಿ ಮ್ಯಾನ್ಷನ್ ಅಂಚೆ ಇಲಾಖೆಯ ತರಬೇತಿ ಕೇಂದ್ರವಾಗಿದೆ. ಒಬ್ಬರ ಮನೆಯಲ್ಲಿ ಆಹಾರದ ಸಂಶೋಧನೆ, ಇನ್ನೊಬ್ಬರ ಮನೆಯಲ್ಲಿ ಅಂಚೆ ಪಾಠ. ನನಗೇನೋ ಇದು ಬೀಗ ಹಾಕಿ ಜೇಡಕ್ಕೆ ಬಿಡುವುದಕ್ಕಿಂತ ವಾಸಿ ಅನಿಸುತ್ತದೆ.

ಪ್ರಶ್ನೆ: ದೀಪ ಹಿಡಿದ ಹೆಂಗಸಿನ ಚಿತ್ರ ರವಿವರ್ಮನದ್ದು ಅಂತ ನಾನು, ಅಲ್ಲ ಅಂತ ನನ್ನ ಭಾವ. ಯಾರು ಸರಿ?
– ಓದುಗರೊಬ್ಬರು, ಹಾಸನ

ನಿಮ್ಮ ಭಾವ ಸರಿ, ಬೇಜಾರಾಗಬೇಡಿ. ಆ ಚಿತ್ರ ಇರುವ ಜಗನ್ಮೋಹನದಲ್ಲಿ ರವಿವರ್ಮನ ಚಿತ್ರಗಳೂ ಇರುವುದರಿಂದ ಈ ಗೊಂದಲ. ಅದನ್ನು ಬರೆದವರು ಎಸ್. ಎಲ್. ಹಳದನಕರ್. ತಮ್ಮ ಮಗಳನ್ನೇ ದೀಪ ಹಿಡಿಸಿ ನಿಲ್ಲಿಸಿದ್ದರು. ಅದು ಜಲವರ್ಣ ಅನ್ನುವುದೇ ದೊಡ್ಡ ಮಾತು. ಎಣ್ಣೆಬಣ್ಣದಲ್ಲಾದರೆ ಬೆಳಕನ್ನು ಕೊನೆಗೆ ಮೇಲೆ ಹಚ್ಚಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಹೆಚ್ಚಾಗಿ ಬಣ್ಣ ಸೋಕದೆ ಉಳಿಸಿಕೊಂಡ ಕಾಗದ. ಎಲ್ಲಿ ಬಿಡಬೇಕು ಅಂತ ಮೊದಲೇ ಗೊತ್ತಿರಬೇಕು. ಬೆರಳುಗಳ ಸಂದಿ ನೋಡಿ, ಅಲ್ಲಿ ಕೈ ಕೆಂಪಗೆ ಹೊಳೆಯುತ್ತದೆ. ನಾನು ಎಷ್ಟೋ ಸಲ ಮನೆಯಲ್ಲಿ ದೀಪಕ್ಕೆ ಕೈ ಅಡ್ಡ ಹಿಡಿದು ನೋಡಿದ್ದೇನೆ. ಬರೆಯಲು ಹೋಗಿ ಮೂರು ಹಾಳೆ ಕೆಡಿಸಿದ್ದೂ ಇದೆ.

ಪ್ರಶ್ನೆ: ಚಿತ್ರಶಾಲೆಯಲ್ಲಿ ಮಕ್ಕಳಿಗೆ ಬೋರ್ ಆಗುತ್ತದೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಮೊದಲು ಜಗನ್ಮೋಹನದ ಫ್ರೆಂಚ್ ಗಡಿಯಾರದ ಮುಂದೆ ನಿಲ್ಲಿಸಿ. ಗಂಟೆಗೊಮ್ಮೆ ಪುಟಾಣಿ ಸಿಪಾಯಿಗಳು ಕವಾಯತು ಮಾಡಲಿ ಅಂತ ಮಾಡಿದ ಗಡಿಯಾರ. ಆಮೇಲೆ ಚಿತ್ರಗಳ ಹೆಸರು ಓದಿಸಲು ಹೋಗಬೇಡಿ. "ಇದರಲ್ಲಿ ಬೆಳಕು ಯಾವ ಕಡೆಯಿಂದ ಬರ್ತಿದೆ, ಹೇಳು" ಅನ್ನಿ ಸಾಕು. ನೀವೂ ಆಡಿ. ಸೋಲುವುದು ಹೆಚ್ಚಾಗಿ ನಾವೇ.