ಶೇಷಾದ್ರಿ ಅಯ್ಯರ್ ಜಾಡಿನಲ್ಲಿ, ಮಂಡಿನೋವಿನ ಜೊತೆ

ಪ್ರಶ್ನೆ: ಮೈಸೂರು ಸಂಸ್ಥಾನದ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರಿಗೆ ಸಂಬಂಧಿಸಿದ ಜಾಗಗಳನ್ನು ಬೆಂಗಳೂರಿನಲ್ಲಿ ನಡೆದೇ ನೋಡಬಹುದೇ? ಜೊತೆಗೆ ಮಾವನವರಿದ್ದಾರೆ, ಮಂಡಿನೋವು. ಹತ್ತು ವರ್ಷದ ಮಗನೂ ಇದ್ದಾನೆ.
- ಓದುಗರು, ತಿಪಟೂರು

ಉತ್ತರ: ನೋಡಬಹುದು, ಆದರೆ ಎಲ್ಲವನ್ನೂ ಒಂದೇ ದಿನ ಅಲ್ಲ. ಒಮ್ಮೆ ನೆಂಟರನ್ನು ಕರೆದುಕೊಂಡು ಕಬ್ಬನ್ ಪಾರ್ಕಿನಿಂದ ಶೇಷಾದ್ರಿಪುರದವರೆಗೆ ಹೊರಟಿದ್ದೆ. ರೇಸ್‌ಕೋರ್ಸ್ ಹತ್ತಿರ ಚಿಕ್ಕಮ್ಮನ ಚಪ್ಪಲಿ ಉಂಗುಷ್ಟ ಕಿತ್ತು, ಪ್ರವಾಸ ಅಲ್ಲೇ ಆಟೋ ಹತ್ತಿತು!

ನೀವು ಬೆಳಗ್ಗೆಯೇ ಕಬ್ಬನ್ ಪಾರ್ಕಿಗೆ ಬನ್ನಿ. ಹೈಕೋರ್ಟಿನ ಹಿಂದೆ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯವಿದೆ. ಅದೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1913ರಲ್ಲಿ ವೈಸ್‌ರಾಯ್ ಹಾರ್ಡಿಂಜ್ ಅನಾವರಣ ಮಾಡಿದ ಪ್ರತಿಮೆಯೂ ಅಲ್ಲೇ ಇದೆ. ಮಾವನವರು ನೆರಳಲ್ಲಿ ಕೂರಲಿ. ಮಗನನ್ನು ಮಾತ್ರ ಒಳಗೆ ಕರೆದುಕೊಂಡು ಹೋಗಿ. ಪೇಪರ್ ಹರಡಿಕೊಂಡು ಕೂತ ಹಿರಿಯರು, ಪರೀಕ್ಷೆಗೆ ಓದುವ ಹುಡುಗರು ಕಾಣುತ್ತಾರೆ. ಬರೀ ಪ್ರತಿಮೆಯಾಗಿ ಸುಮ್ನೆ ಹಾರ ಹಾಕಿಸಿಕೊಂಡು ನಿಲ್ಲುವುದಕ್ಕಿಂತ ಇಂಥ ಸ್ಮಾರಕ ವಾಸಿ ಅಲ್ವಾ? ಹೈಕೋರ್ಟ್ ಅಂದರೆ ಹಳೆಯ ಅಠಾರಾ ಕಚೇರಿ. ವಿಧಾನಸೌಧ ಕಟ್ಟುವ ಮೊದಲು ಸರ್ಕಾರದ ಕಚೇರಿಗಳೆಲ್ಲ ಅಲ್ಲಿದ್ದವು.

ಮುಂದಕ್ಕೆ ಆಟೋ ಹಿಡಿಯಿರಿ. ಅಯ್ಯರ್ ಕಟ್ಟಿಸಿಕೊಂಡ ಮನೆ ಕುಮಾರಕೃಪ ಈಗ ಸರ್ಕಾರಿ ಅತಿಥಿಗೃಹ. ಒಳಗೆ ಬಿಡುವುದಿಲ್ಲ, ರಸ್ತೆಯಿಂದಲೇ ನೋಡಿ. 1927ರಲ್ಲಿ ಗಾಂಧೀಜಿ ಅಲ್ಲಿ ತಂಗಿದ್ದರು. ಶೇಷಾದ್ರಿಪುರದಲ್ಲಿ ಅಯ್ಯರ್ ಹೆಸರು ಬಿಟ್ಟರೆ ನೋಡುವುದು ಜಾಸ್ತಿ ಏನಿಲ್ಲ. ಕಾಫಿ ಕುಡಿಯೋಕೆ ಹೋಗಿ.

ಅವರ ನಿಜವಾದ ಕೆಲಸಗಳು ಕಾಲ್ನಡಿಗೆಗೆ ಸಿಗುವಂಥವಲ್ಲ. 1883ರಿಂದ 1901ರವರೆಗೆ ದಿವಾನರಾಗಿದ್ದರು. ಹೆಸರಘಟ್ಟದಿಂದ ಊರಿಗೆ ನೀರು ಬಂದದ್ದು ಅವರ ಕಾಲದಲ್ಲೇ. ಶಿವನಸಮುದ್ರದ ವಿದ್ಯುತ್ ಯೋಜನೆ ಶುರುವಾದದ್ದೂ ಆಗಲೇ. ಆ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ, ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರ. ಅಷ್ಟರಲ್ಲಿ ಅಯ್ಯರ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಮಗ ಬೇಜಾರು ಅಂತ ಹಟ ಹಿಡಿದರೆ, ಸಂಜೆ ಮಾರ್ಕೆಟ್ ಕಡೆ ಕರೆದುಕೊಂಡು ಹೋಗಿ, ದೀಪ ಹೊತ್ತುವ ಹೊತ್ತಿಗೆ ಈ ಕಥೆ ಹೇಳಿ. ಮಾವನವರ ಮಂಡಿಗೆ ಎಣ್ಣೆ ಹಚ್ಚಿಸಿ, ಬ್ಯಾಗಿನಲ್ಲಿ ಎರಡನೇ ಜೊತೆ ಚಪ್ಪಲಿ ಇಟ್ಟುಕೊಳ್ಳಿ.